ಭಾವಮೈದನ ಮೇಲೆ ಮೊದಲ ಹೊಲಿಗೆ

ಹೊಲಿಗೆ ಮಿಷನ್ ರಿಪೇರಿ ಮಾಡುವ ಆ ಮನುಷ್ಯನಿಗೆ ಅಪ್ಪ ಅಮ್ಮ ಇಟ್ಟ ಹೆಸರೊಂದಿತ್ತು. ಅದು ಅಂಗಡಿಯ ಬೋರ್ಡಿನ ಮೇಲೆ ಬಿಸಿಲಿಗೆ ಅರ್ಧ ಅಳಿಸಿಹೋಗಿತ್ತು. ಬೀದಿಯ ದರ್ಜಿಗಳು ಅವನನ್ನು ಎದುರಿಗೆ ‘ಮೇಸ್ತ್ರಿ’ ಎನ್ನುತ್ತಿದ್ದರು, ಬೆನ್ನ ಹಿಂದೆ ‘ಕುಕ್ಕರ್’ ಎನ್ನುತ್ತಿದ್ದರು. ಮೂರು ಸಲ ಕೂಗಿ ತಾನಾಗಿಯೇ ತಣ್ಣಗಾಗುತ್ತಾನೆ ಎಂಬ ಅರ್ಥದಲ್ಲಿ. ಈ ಹೆಸರು ಮೊದಲ ಸಲ ಕಿವಿಗೆ ಬಿದ್ದ ದಿನ ಅವನು ಸ್ಕ್ರೂಡ್ರೈವರ್ ಹಿಡಿದುಕೊಂಡೇ ಬೀದಿಗಿಳಿದು, “ಯಾವನೋ ಅದು ಕುಕ್ಕರ್ ಅಂದಿದ್ದು?” ಎಂದು ಗುಡುಗಿದ್ದ. ಯಾರೂ ಉಸಿರೆತ್ತದಿದ್ದಾಗ ಒಳಗೆ ಬಂದು ಕೂತ. ಕೂತ ಮೇಲೆ ಲೆಕ್ಕ ಹಾಕಿ ನೋಡಿದರೆ ಕೂಗಿದ್ದು ಸರಿಯಾಗಿ ಮೂರೇ ಸಲ. ಅಂದಿನಿಂದ ಆ ಹೆಸರಿನ ಬಗ್ಗೆ ಅವನ ತಕರಾರು ನಿಂತುಹೋಯಿತು.

ಅಂಗಡಿ ಎಂದರೆ ಎರಡು ಕಟ್ಟಡಗಳ ನಡುವಿನ ಸಂದಿಗೆ ತಗಡು ಹೊದಿಸಿದ ಜಾಗ. ಒಂದು ಗೋಡೆಗೆ ಚರ್ಮದ ಬೆಲ್ಟುಗಳು ಜೋತುಬಿದ್ದಿದ್ದವು. ಇನ್ನೊಂದು ಗೋಡೆಯ ಹಲಗೆಯ ಮೇಲೆ ಕಾಲು ಕಳಚಿಕೊಂಡ ಮಿಷನ್ನುಗಳು ಆಸ್ಪತ್ರೆಯ ಬೆಂಚಿನ ಮೇಲೆ ಕೂತವರಂತೆ ಸಾಲಾಗಿ ಕೂತಿದ್ದವು. ಕುಕ್ಕರ್ ಓದಿದ್ದು ಐದನೇ ಕ್ಲಾಸು. ಆರನೆಯದರಲ್ಲಿ ಮೇಷ್ಟ್ರ ಜೊತೆ ಜಗಳವಾಯಿತು. ಗೆದ್ದದ್ದು ತಾನೇ ಎಂದುಕೊಂಡು ಮನೆಗೆ ಬಂದವನು ಮತ್ತೆ ಹೋಗಲಿಲ್ಲ. ಆದರೆ ಅವನ ಬಲಗೈಯ ಮೂರು ಬೆರಳುಗಳು ಬಹಳ ಓದಿಕೊಂಡಿದ್ದವು. ಸೂಜಿ ಕೆಳಗಿಳಿದು ಕೂದಲೆಳೆಯಷ್ಟು ಮೇಲೇಳುವಾಗ ಕೆಳಗಿನ ಶಟಲಿನ ಮೂತಿ ಬಂದು ದಾರ ಹಿಡಿಯಬೇಕು. ಒಂದು ಎಳೆ ಹೆಚ್ಚುಕಡಿಮೆಯಾದರೆ ಹೊಲಿಗೆ ತಪ್ಪುತ್ತದೆ. ಆ ಒಂದು ಎಳೆಯನ್ನು ಅವನ ಬೆರಳು ಕಣ್ಣಿಗಿಂತ ಮೊದಲೇ ಕಂಡುಹಿಡಿಯುತ್ತಿತ್ತು. ಮನೆಯವರೆಲ್ಲ ಊಟ ಮಾಡುತ್ತಿದ್ದುದು ಆ ಮೂರು ಬೆರಳುಗಳ ಪುಣ್ಯದಿಂದ.

ಮಗಳು, ಅಳಿಯ ಅದೇ ಮನೆಯ ಮಹಡಿಯಲ್ಲಿದ್ದರು. ಮಗಳಿಗೆ ಬಸ್ ನಿಲ್ದಾಣದ ಟಿಕೆಟ್ ಕೌಂಟರಿನಲ್ಲಿ ಕೆಲಸ. ಎಂಟು ತಿಂಗಳ ಬಸುರಿ. ಒಂದು ಸಂಜೆ ಆಸ್ಪತ್ರೆಯಿಂದ ಬಂದವಳು ಮಹಡಿಗೆ ಹೋಗದೆ ಕೆಳಗೇ ಕುರ್ಚಿ ಎಳೆದುಕೊಂಡು ಕೂತು, ಚೀಲದಿಂದ ಒಂದು ಕಾಗದ ತೆಗೆದಳು.

“ಅಪ್ಪ, ಇಲ್ಲಿ ಕೇಳು. ಹುಟ್ಟಿದ ಮಗುಗೆ ನಾಯಿಕೆಮ್ಮು ಬಂದ್ರೆ ಉಸಿರೇ ನಿಂತುಹೋಗ್ಬಹುದಂತೆ. ಮಗುಗೆ ಅದರ ಲಸಿಕೆ ಹಾಕೋಕೆ ಒಂದೂವರೆ ಎರಡು ತಿಂಗಳಾದ್ರೂ ಆಗ್ಬೇಕು. ಅಲ್ಲಿ ತನಕ ನಾವೇ ಹುಷಾರಾಗಿರ್ಬೇಕು. ನಾನು ಹಾಕಿಸ್ಕೊಂಡಿದ್ದೀನಿ. ಮಗೂನ ಎತ್ತಿಕೊಳ್ಳೋರೆಲ್ಲ ಹಾಕಿಸ್ಕೊಳ್ಳಿ ಅಂದ್ರು ಡಾಕ್ಟ್ರು. ಹಾಕಿಸ್ಕೊಂಡು ಎರಡು ವಾರ ಕಳೆದ ಮೇಲೆ ಅದು ಕೆಲಸ ಮಾಡೋದು.”

“ನನಗೆ ಕೆಮ್ಮೇ ಇಲ್ವಲ್ಲೇ!”

“ದೊಡ್ಡೋರಿಗೆ ಬಂದ್ರೆ ಗೊತ್ತೇ ಆಗಲ್ಲ. ಏನೋ ಸಣ್ಣ ಕೆಮ್ಮು ಅಂದ್ಕೊಂಡು ಮಗುಗೆ ದಾಟಿಸಿಬಿಡ್ತಾರೆ.”

“ನಿನ್ನನ್ನ ಸಾಕಿದ್ವಲ್ಲ, ಆಗ ಯಾವ ಸೂಜಿ ಚುಚ್ಚಿಸ್ಕೊಂಡಿದ್ದೆ ನಾನು?”

“ನನ್ನ ಅದೃಷ್ಟ, ಬದುಕ್ಕೊಂಡೆ. ನೋಡಪ್ಪ, ಸೂಜಿ ಇಲ್ಲ ಅಂದ್ರೆ ಮಗು ಇಲ್ಲ. ಬಾಗಿಲಾಚೆ ನಿಂತು ನೋಡ್ಕೊಂಡು ಹೋಗು. ಟಿಕೆಟ್ ಇಲ್ದೋರನ್ನ ನಾನು ಬಸ್ ಹತ್ತಿಸಲ್ಲ.”

ಈ ಗಂಟಲು ಯಾರ ಕಡೆಯಿಂದ ಬಂದದ್ದೆಂದು ಕುಕ್ಕರ್‌ಗೆ ಅನುಮಾನವೇ ಇರಲಿಲ್ಲ. ಕೇಳಿಸಿಕೊಳ್ಳುವ ಕಡೆ ನಿಂತು ಅಭ್ಯಾಸವಿರಲಿಲ್ಲ, ಅಷ್ಟೇ.

ಅವನಿಗೆ ಆ ಮಗುವನ್ನು ಎತ್ತಿಕೊಳ್ಳಲೇಬೇಕಿತ್ತು. ಮಗಳು ಹುಟ್ಟಿದಾಗ ಅವನು ಕೆಲಸದಿಂದ ಸೀದಾ ಓಡಿ ಬಂದಿದ್ದ, ಕೈತುಂಬ ಮಿಷನ್ ಎಣ್ಣೆ. “ಕೈ ತೊಳ್ಕೊಂಡು ಬಾಪ್ಪಾ,” ಎಂದಿದ್ದರು ಅತ್ತೆ. ಅಷ್ಟಕ್ಕೇ ಅವಮಾನವಾಗಿ, ಮುಖ ಊದಿಸಿಕೊಂಡು, ತಿಂಗಳುಗಟ್ಟಲೆ ಮಗುವನ್ನು ಮುಟ್ಟಿರಲಿಲ್ಲ. ನಷ್ಟ ಯಾರದೆಂದು ಹೊಳೆಯುವಷ್ಟರಲ್ಲಿ ಮಗಳು ಗೋಡೆ ಹಿಡಿದು ನಡೆಯುತ್ತಿದ್ದಳು. ಅಂಗೈ ಮೇಲೆ ಹಿಡಿಸುವಷ್ಟು ಪುಟ್ಟ ಮಗು ಹೇಗಿರುತ್ತದೆಂದು ಅವನಿಗೆ ಇವತ್ತಿಗೂ ಗೊತ್ತಿರಲಿಲ್ಲ. ಈ ಸಲ ಆ ತಪ್ಪು ಮಾಡಬಾರದೆಂದು ಬಹಳ ಹಿಂದೆಯೇ ತೀರ್ಮಾನಿಸಿದ್ದ. ಕೈ ತೊಳೆಯಲು ಒಂದು ಹೊಸ ಸೋಪನ್ನೂ ತಂದಿಟ್ಟಿದ್ದ.

ಹೆಂಡತಿ ಮಾರನೇ ದಿನವೇ ಅಳಿಯನ ಜೊತೆ ಹೋಗಿ ಹಾಕಿಸಿಕೊಂಡು ಬಂದಳು. ಎರಡು ದಿನ ತೋಳು ನೋವು ಎಂದಳು, ಆಮೇಲೆ ಮರೆತಳು. ಕುಕ್ಕರ್ “ನಾಳೆ” ಎಂದ. ನಾಳೆ ಬಂತು. “ಇವತ್ತು ಕೆಲಸ ಜಾಸ್ತಿ” ಎಂದ.

ಸೂಜಿಗೆ ಅವನು ಹೆದರುವವನಲ್ಲ. ಮಿಷನ್ನಿನ ಸೂಜಿ ಹೆಬ್ಬೆರಳಿನ ಉಗುರು ತೂರಿ ಆಚೆ ಬಂದದ್ದು ಮೂರು ಸಲ. ಮೂರು ಸಲವೂ ಇಕ್ಕಳದಲ್ಲಿ ಕಿತ್ತು, ಬಟ್ಟೆ ಸುತ್ತಿಕೊಂಡು, ಟೀ ಕುಡಿದಿದ್ದ. ಹೆದರಿಕೆ ಇದ್ದದ್ದು ಸೂಜಿಯೊಳಗಿನ ಔಷಧಿಯ ಬಗ್ಗೆ. ಆ ಹೆದರಿಕೆಯನ್ನು ಹೊತ್ತು ತಂದವನು ಎದುರಿನ ಗುಂಡಿ ಅಂಗಡಿಯವನು.

“ಮೇಸ್ತ್ರಿ, ನಾನ್ ಹೇಳ್ದೆ ಅನ್ಬೇಡಿ. ಗಾರ್ಮೆಂಟ್ಸಿನ ಕಟಿಂಗ್ ಮಾಸ್ಟರ್ ಇದಾರಲ್ಲ, ಹೋದ ವರ್ಷ ಇಂಥದೇ ಯಾವುದೋ ಇಂಜೆಕ್ಷನ್ ತಗೊಂಡ್ರು. ಅವತ್ತಿಂದ ಬಲಗೈ ಭುಜದ ಮೇಲೆ ಏಳ್ತಿಲ್ಲ. ಅಂಗಿ ಹಾಕ್ಕೊಳ್ಳೋಕೂ ಹೆಂಡ್ತಿ ಬೇಕು.”

“ಬಲಗೈಯಾ?”

“ಬಲಗೈ. ಒಂದು ವಿಡಿಯೋನೂ ಬಂದಿದೆ, ಕಳಿಸ್ತೀನಿ. ನಾನ್ ಕಳಿಸ್ದೆ ಅನ್ಬೇಡಿ.”

ವಿಡಿಯೋದಲ್ಲಿ ಕನ್ನಡಕದ ಒಬ್ಬ ಮನುಷ್ಯ ಕಾರಿನೊಳಗೆ ಕೂತು, ಲಸಿಕೆ ಹಾಕಿಸಿಕೊಂಡವರ ನರಗಳೆಲ್ಲ ಒಣಗಿಹೋಗುತ್ತವೆಂದು ಕೂಗುತ್ತಿದ್ದ. ಅವನು ಯಾರು, ಏನು ಓದಿದ್ದಾನೆ ಎಂಬುದು ಎಲ್ಲೂ ಇರಲಿಲ್ಲ. ಆದರೆ ಎಂಥಾ ಕೂಗು! ಇಷ್ಟು ಸಿಟ್ಟಿನಲ್ಲಿರುವವನು ಸುಳ್ಳು ಹೇಳಲಾರ ಎಂದು ಕುಕ್ಕರ್‌ಗೆ ಅನ್ನಿಸಿತು. ತಾನೂ ಅದೇ ಜಾತಿಯ ಪ್ರಾಣಿಯಾದ್ದರಿಂದ ಆ ಮನುಷ್ಯನ ಮೇಲೆ ಒಂಥರಾ ಬಂಧುಭಾವ ಹುಟ್ಟಿ, ನಾಲ್ಕು ಸಲ ನೋಡಿದ. ಕೊನೆಗೆ ತನ್ನ ಮೂರು ಬೆರಳುಗಳನ್ನು ಒಂದೊಂದಾಗಿ ಮಡಚಿ ಬಿಚ್ಚಿ ನೋಡಿಕೊಂಡ. ಇನ್ನೂ ಒಣಗಿರಲಿಲ್ಲ.

ಇದನ್ನು ಮನೆಯಲ್ಲಿ ಹೇಳುವ ಹಾಗಿಲ್ಲ. ಇಪ್ಪತ್ತೆಂಟು ವರ್ಷದಿಂದ ‘ನನಗೆ ಯಾವನ ಹೆದರಿಕೆ?’ ಎಂದು ಕೂಗಿಕೊಂಡು ಬಂದವನು ಈಗ ‘ಹೆದರಿಕೆ ಆಗ್ತಿದೆ ಕಣೇ’ ಎನ್ನುವುದು ಹೇಗೆ? ಅದಕ್ಕೇ ಅವನು ತನ್ನ ಕಸುಬಿನ ದಾರಿ ಹಿಡಿದ.

ಕೆಲಸ ಕಲಿಸಿದ ಗುರು ಅವನ ತಲೆಗೆ ಮೊಟಕಿ ಮೊಟಕಿ ಹೇಳಿಕೊಟ್ಟ ಮಾತೊಂದಿತ್ತು: ರಿಪೇರಿಯಾದ ಮಿಷನ್ನಿನಲ್ಲಿ ಗಿರಾಕಿಯ ಬಟ್ಟೆಯ ಮೇಲೆ ಮೊದಲ ಹೊಲಿಗೆ ಹಾಕಬೇಡ, ಮೊದಲು ಚಿಂದಿ ಮೇಲೆ ಓಡಿಸು. ಅಂಗಡಿಯ ಮೂಲೆಯಲ್ಲಿ ಅದಕ್ಕೆಂದೇ ಒಂದು ಚೀಲ ಚಿಂದಿ ಇರುತ್ತಿತ್ತು. ಈ ಲಸಿಕೆಗೂ ಒಂದು ಚಿಂದಿ ಬೇಕು ಎಂದುಕೊಂಡ. ಹೆಂಡತಿ ಆಗಲೇ ಹಾಕಿಸಿಕೊಂಡಿದ್ದಳಲ್ಲ, ನಿಜ. ಆದರೆ ಅವಳು ಗಟ್ಟಿ ಹೆಂಗಸು, ಅವಳಿಗೆ ಏನಾದರೂ ಆದರೆ ಹೇಳುವವಳಲ್ಲ, ಲೆಕ್ಕಕ್ಕಿಲ್ಲ. ಅಳಿಯ ದಿನಕ್ಕೆ ಹತ್ತೇ ಮಾತಾಡುವವನು, ಅವನೂ ಲೆಕ್ಕಕ್ಕಿಲ್ಲ. ತನ್ನ ವಯಸ್ಸಿನ, ಕೈಯಲ್ಲೇ ದುಡಿಯುವ, ಸಣ್ಣ ನೋವಿಗೂ ಊರು ಒಂದು ಮಾಡುವ ಗಂಡಸು ಬೇಕು.

ಹಿತ್ತಲ ರೂಮಿನಲ್ಲಿ ಹೆಂಡತಿಯ ತಮ್ಮನಿದ್ದ.

ಭಾವಮೈದನಿಗೆ ನಲವತ್ತೈದು ದಾಟಿತ್ತು, ಮದುವೆಯಾಗಿರಲಿಲ್ಲ. ಗಾರ್ಮೆಂಟ್ಸಿನಲ್ಲಿ ಇಸ್ತ್ರಿ ಹಾಕುವ ಕೆಲಸ, ಊಟ ಅಕ್ಕನ ಮನೆಯಲ್ಲಿ. ಸ್ವಭಾವ ಹತ್ತಿಯಷ್ಟು ಮೆತ್ತಗೆ. ಭಾವನ ಮಾತೆಂದರೆ ಅವನಿಗೆ ಸರ್ಕಾರಿ ಆದೇಶ.

“ಏನೋ, ಲಸಿಕೆ ಹಾಕಿಸ್ಕೊಂಡೆಯಾ?” ಎಂದು ಕುಕ್ಕರ್ ಅವನ ಮಂಚದ ತುದಿಯಲ್ಲಿ ಕೂತ. ಇಪ್ಪತ್ತು ವರ್ಷದಲ್ಲಿ ಮೊದಲ ಸಲ ಆ ಮಂಚದ ಮೇಲೆ ಕೂತದ್ದು.

“ಇಲ್ಲ ಭಾವ. ಭಯ ಆಗತ್ತೆ. ಆ ಕಟಿಂಗ್ ಮಾಸ್ಟರ್ ಕೈ ನೋಡಿದ್ರೆ...”

“ಥೂ, ಯಾವನೋ ಹೇಳಿದ ಅಂತ ಹೆದರ್ಕೊಳ್ತೀಯಲ್ಲೋ! ಗಂಡಸಲ್ವಾ ನೀನು? ಮಗು ಬರೋ ಮನೆ. ಏನೂ ಆಗಲ್ಲ, ಇರುವೆ ಕಚ್ಚಿದ ಹಾಗೆ.”

“ನೀವು ಹಾಕಿಸ್ಕೊಂಡ್ರಾ ಭಾವ?”

ಇಲ್ಲಿ ಒಂದು ಕ್ಷಣ ಸಮಯವಿತ್ತು. ‘ಇಲ್ಲ ಕಣೋ, ನನಗೂ ಭಯ, ಬಾ ಇಬ್ಬರೂ ಹೋಗೋಣ’ ಎಂದಿದ್ದರೆ ಕಥೆ ಇಲ್ಲಿಗೇ ಮುಗಿದು ಮರ್ಯಾದೆ ಉಳಿಯುತ್ತಿತ್ತು. ಕುಕ್ಕರ್‌ಗೆ ಅದು ಆಮೇಲೆ ನೂರು ಸಲ ಹೊಳೆಯಿತು.

“ಓ, ಆಗಲೇ!” ಎಂದುಬಿಟ್ಟ. “ಜ್ವರಾನೂ ಬರ್ಲಿಲ್ಲ. ನಿನ್ನ ಅಕ್ಕನಿಗೆ ಹೇಳಕ್ಕೆ ಹೋಗ್ಬೇಡ, ಸುಮ್ನೆ ಡಂಗುರ ಯಾಕೆ.”

ಭಾವಮೈದ ಮಾರನೇ ದಿನ ಅರ್ಧ ದಿನ ರಜೆ ಹಾಕಿ ಹೋಗಿ ಚುಚ್ಚಿಸಿಕೊಂಡು ಬಂದ. ಸಂಜೆಗೆ ಮೈ ಬಿಸಿಯಾಗಿ, ಹೊದ್ದುಕೊಂಡು ಮಲಗಿದ. ಹೆಂಡತಿ ಬಂದು, “ಅವನಿಗೆ ಸ್ವಲ್ಪ ಜ್ವರ, ನಾಳೆ ಇಳಿಯತ್ತಂತೆ,” ಎಂದಾಗ ಕುಕ್ಕರ್ ಧಡಕ್ಕನೆ ಎದ್ದ. ಹಿತ್ತಲಿಗೆ ಓಡಿದ.

“ಕೈ ಎತ್ತು.”

“ಭಾವ, ನೋವು...”

“ಎತ್ತೋ ಅಂದ್ರೆ!”

ಭಾವಮೈದ ನರಳುತ್ತಾ ಎತ್ತಿದ. ತಲೆಯ ತನಕ ಬಂತು. ಕುಕ್ಕರ್ ಜೇಬಿನಿಂದ ಒಂದು ಸೂಜಿ, ಒಂದು ದಾರ ತೆಗೆದು ಅವನ ಕೈಗಿಟ್ಟ.

“ಪೋಣಿಸು.”

“ಜ್ವರದಲ್ಲಾ?”

“ಜ್ವರದಲ್ಲೇ. ಬೆರಳು ನೋಡ್ಬೇಕು.”

ಭಾವಮೈದ ಕಣ್ಣು ಕಿರಿದು ಮಾಡಿ, ದಾರದ ತುದಿ ಎಂಜಲು ಮಾಡಿ, ಮೂರನೇ ಪ್ರಯತ್ನಕ್ಕೆ ಪೋಣಿಸಿದ. ಒಂದು ಗಂಟೆ ಬಿಟ್ಟು ಕುಕ್ಕರ್ ಮತ್ತೆ ಬಂದ, ಮತ್ತೆ ಪೋಣಿಸು ಎಂದ. ಬೆಳಿಗ್ಗೆ ಅಂಗಡಿಗೆ ಹೋಗುವ ಮೊದಲೊಮ್ಮೆ, ಮಧ್ಯಾಹ್ನ ಊಟಕ್ಕೆ ಬಂದಾಗೊಮ್ಮೆ. ಎರಡನೇ ದಿನ ಜ್ವರವಿರಲಿಲ್ಲ. ಮೂರನೇ ದಿನ ಭಾವಮೈದ ಎಂದಿನಂತೆ ಮಣಭಾರದ ಇಸ್ತ್ರಿಪೆಟ್ಟಿಗೆ ಹಿಡಿದು ಕೆಲಸಕ್ಕೆ ನಿಂತಿದ್ದ. ಆದರೂ ಸಂಜೆ ಸೂಜಿ ದಾರ ತಪ್ಪಲಿಲ್ಲ.

ನಾಲ್ಕನೇ ದಿನ ಭಾವಮೈದನ ಕಣ್ಣಲ್ಲಿ ನೀರು. “ಭಾವ, ನೀವು ಬೈತೀರಿ ಅಂತ ಎಲ್ರೂ ಅಂತಾರೆ. ನಮ್ಮಪ್ಪನೂ ನನ್ನನ್ನ ಇಷ್ಟು ವಿಚಾರಿಸ್ಕೊಂಡಿರ್ಲಿಲ್ಲ.”

ಕುಕ್ಕರ್ ಆ ರಾತ್ರಿ ಸರಿಯಾಗಿ ಊಟ ಮಾಡಲಿಲ್ಲ. ತಾನೆಂಥ ಘನಂದಾರಿ ಮನುಷ್ಯ ಎಂದು ತನಗೇ ಅನ್ನಿಸಿತು. ನಲವತ್ತೈದು ದಾಟಿದ ಒಬ್ಬ ಸಾಧುಪ್ರಾಣಿಯನ್ನು ಚಿಂದಿಯ ಹಾಗೆ ಸೂಜಿ ಕೆಳಗೆ ತಳ್ಳಿದ್ದಲ್ಲದೆ, ಅದಕ್ಕೆ ಕೃತಜ್ಞತೆ ಬೇರೆ ಸಂಪಾದಿಸಿದ್ದ.

ಹೊಲಿಗೆ ನೆಟ್ಟಗೆ ಬಿದ್ದಿದ್ದನ್ನು ಕಣ್ಣಾರೆ ಕಂಡ ಮೇಲಾದರೂ ಹೋಗಬೇಕಿತ್ತು. ಹೋಗಲಿಲ್ಲ. ಭಾವಮೈದನ ಕೈ ಸರಿಯಾಗಿದೆ, ಸರಿ. ಕಟಿಂಗ್ ಮಾಸ್ಟರ್ ಕೈ ಬಿದ್ದದ್ದೂ ನಿಜವಲ್ಲವೇ? ಹೀಗೆ ಇನ್ನೆರಡು ವಾರ ಕಳೆದವು. ಮಗಳ ಹೆರಿಗೆಗೆ ಕೊಟ್ಟ ತಾರೀಖಿಗೆ ಹನ್ನೆರಡು ದಿನ ಉಳಿದವು. ಹೆಂಡತಿ ದಿನಾ ಕೇಳುತ್ತಿದ್ದಳು, ಇವನು ದಿನಾ ಸಿಡುಕುತ್ತಿದ್ದ. ಸಿಡುಕಿದರೆ ಆ ಮಾತು ಅಲ್ಲಿಗೆ ನಿಲ್ಲುತ್ತದೆ ಎಂಬುದು ಅವನ ಹಳೆಯ ಅನುಭವ.

ಅಷ್ಟರಲ್ಲಿ ಗಾರ್ಮೆಂಟ್ಸಿನಿಂದ ಕರೆ ಬಂತು. ಬಟ್ಟೆಯ ಅಂಚು ಹೊಲಿಯುವ ಓವರ್‌ಲಾಕ್ ಮಿಷನ್ನೊಂದು ದಾರ ಕಡಿಯುತ್ತಿದೆ, ಬನ್ನಿ ಎಂದು. ಅಲ್ಲಿ ಉದ್ದದ ಮೇಜಿನ ಮುಂದೆ ಕಟಿಂಗ್ ಮಾಸ್ಟರ್ ನಿಂತಿದ್ದರು. ಅರವತ್ತರ ಹತ್ತಿರದ ಮನುಷ್ಯ. ಎಡಗೈಯಲ್ಲಿ ಸೀಮೆಸುಣ್ಣ ಹಿಡಿದು ಗೆರೆ ಎಳೆಯುತ್ತಿದ್ದರು; ಕತ್ತರಿಸುವ ಮಿಷನ್ನನ್ನು ಪಕ್ಕದಲ್ಲಿ ಬೇರೆ ಯಾರೋ ಓಡಿಸುತ್ತಿದ್ದರು. ಬಲಗೈ ಮೈಗೆ ಅಂಟಿಕೊಂಡಿತ್ತು. ಕುಕ್ಕರ್ ಓವರ್‌ಲಾಕ್ ಬಿಚ್ಚುತ್ತಾ ಆ ಕೈಯನ್ನೇ ನೋಡಿದ. ಚಹಾದ ಹೊತ್ತಿಗೆ ತಡೆಯಲಾಗಲಿಲ್ಲ. ಲೋಟ ಹಿಡಿದು ಬಟ್ಟೆ ಥಾನುಗಳ ಹಿಂದೆ ಅವರ ಪಕ್ಕ ಹೋಗಿ ಕೂತ.

“ಮಾಸ್ಟ್ರೇ, ಒಂದು ಕೇಳ್ತೀನಿ, ತಪ್ಪು ತಿಳ್ಕೋಬೇಡಿ. ಈ ಕೈ... ಇಂಜೆಕ್ಷನ್ನಿಂದ ಆಗಿದ್ದಾ?”

“ಅಂತ ಹೇಳಿದ್ದೀನಿ.”

“ಹೇಳಿರೋದು ಗೊತ್ತು. ಆಗಿದ್ದು ಯಾವುದ್ರಿಂದ?”

ಮಾಸ್ಟರ್ ಲೋಟ ಕೆಳಗಿಟ್ಟು ಅತ್ತಿತ್ತ ನೋಡಿದರು. “ನಿನಗ್ಯಾಕಪ್ಪಾ?”

“ನನ್ನ ಮಗಳಿಗೆ ಇನ್ನು ಹನ್ನೆರಡು ದಿನಕ್ಕೆ ಹೆರಿಗೆ. ನಾನು ಲಸಿಕೆ ಹಾಕಿಸ್ಕೊಳ್ದೆ ಮಗು ಮುಟ್ಟೋ ಹಾಗಿಲ್ಲ. ನಿಮ್ಮ ಕೈ ನೋಡಿ ನಾನು ಮೂರು ವಾರದಿಂದ ಒದ್ದಾಡ್ತಿದ್ದೀನಿ.”

“ಅಯ್ಯೋ ನಿನ್ನ!” ಎಂದರು ಮಾಸ್ಟರ್. ಆಮೇಲೆ ದನಿ ತಗ್ಗಿಸಿದರು. “ಭುಜ ಹಿಡ್ಕೊಂಡು ಎರಡು ವರ್ಷ ಆಯ್ತು. ಮೂವತ್ತು ವರ್ಷ ಈ ಮಿಷನ್ ತಳ್ಳಿದ್ದೀನಲ್ಲ, ಕೀಲು ಸವೆದಿದೆ ಅಂದ್ರು ಡಾಕ್ಟ್ರು. ಇಂಜೆಕ್ಷನ್ ತಗೊಂಡಿದ್ದು ಆಮೇಲೆ, ಅದೂ ಈ ಕಡೆ ತೋಳಿಗೆ.” ಎಡತೋಳು ತಟ್ಟಿ ತೋರಿಸಿದರು. “ಒಂದು ದಿನ ನೋವಿತ್ತು, ಹೋಯ್ತು. ಮಾಲೀಕರಿಗೆ ಕೀಲು ಸವೆದಿದೆ ಅಂದ್ರೆ ಏನಂತಾರೆ? ವಯಸ್ಸಾಯ್ತು, ಮನೇಲಿರಿ ಅಂತಾರೆ. ಇಂಜೆಕ್ಷನ್ ಅಂದ್ರೆ, ಪಾಪ, ಇವತ್ತಲ್ಲ ನಾಳೆ ಸರಿಹೋಗತ್ತೆ ಅಂತ ಕಾಯ್ತಾರೆ. ಗುಂಡಿ ಅಂಗಡಿಯವನ ಹತ್ರ ಒಂದ್ಸಲ ಅಂದೆ. ಅಷ್ಟು ಸಾಕಾಯ್ತು.”

ಕುಕ್ಕರ್‌ಗೆ ಉರಿ ಅಂಗಾಲಿನಿಂದ ನೆತ್ತಿಗೆ ಏರಿತು. ಎದ್ದು ನಿಂತೇಬಿಟ್ಟ. “ಅಲ್ರೀ ಮಾಸ್ಟ್ರೇ! ನಿಮ್ಮ ಒಂದು ಸುಳ್ಳಿಗೆ ನಾನು...”

ನಾನು ಏನು? ನಾನು ಭಾವಮೈದನಿಗೆ ‘ಓ, ಆಗಲೇ’ ಎಂದೆ. ಇವರು ಕೆಲಸ ಉಳಿಸಿಕೊಳ್ಳಲು ಸುಳ್ಳು ಹೇಳಿದರು. ನಾನು ಯಾವುದನ್ನು ಉಳಿಸಿಕೊಳ್ಳಲು ಹೇಳಿದೆ? ಮೀಸೆಯನ್ನು.

“ಕೂಗ್ಬೇಡಪ್ಪಾ,” ಎಂದರು ಮಾಸ್ಟರ್, ಗಾಬರಿಯಿಂದ. “ಮೇಲೆ ಮಾಲೀಕರಿದ್ದಾರೆ. ನನಗಿನ್ನೂ ಒಂದು ವರ್ಷ ಬೇಕು.”

ಕುಕ್ಕರ್ ಬಾಯಿ ಮುಚ್ಚಿ ಕೂತ. ಅವರ ಲೋಟವನ್ನು ಎತ್ತಿ ಅವರ ಎಡಗೈಗೆ ಕೊಟ್ಟ. “ನಾನು ಏನೂ ಕೇಳ್ಲಿಲ್ಲ, ನೀವು ಏನೂ ಹೇಳ್ಲಿಲ್ಲ,” ಎಂದು ಹೋಗಿ ಓವರ್‌ಲಾಕ್ ಮುಗಿಸಿದ.

ಸಂಜೆ ಮನೆಯಲ್ಲಿ ಊಟಕ್ಕೆ ಕೂತಾಗ, ನಾಳೆ ಬೆಳಿಗ್ಗೆ ಯಾರಿಗೂ ಹೇಳದೆ ಹೋಗಿ ಹಾಕಿಸಿಕೊಂಡು ಬಂದುಬಿಡುವುದು, ಎಲ್ಲ ಸರಿಹೋಗುತ್ತದೆ ಎಂದು ಲೆಕ್ಕ ಹಾಕುತ್ತಿದ್ದ. ಹೆಂಡತಿ ಬಡಿಸುತ್ತಾ, “ಅಲ್ರೀ, ಇನ್ನು ಯಾವಾಗ ಹೋಗ್ತೀರಿ? ಮಗು ಬಂದ ಮೇಲಾ?” ಎಂದಳು.

ಭಾವಮೈದ ತುತ್ತು ಬಾಯಲ್ಲಿಟ್ಟುಕೊಂಡೇ ಭಾವನ ಪರವಾಗಿ ಎದ್ದ. “ಅಕ್ಕ, ಭಾವನ್ನ ಯಾಕೆ ಬೈತೀಯ? ಅವರು ನಮ್ಮೆಲ್ಲರಿಗಿಂತ ಮೊದಲೇ ಹಾಕಿಸ್ಕೊಂಡಿದ್ದಾರೆ. ಅವರು ಹೇಳಿದ್ದಕ್ಕೇ ನಾನೂ ಹೋಗಿದ್ದು! ಜ್ವರ ಕೂಡ ಬರ್ಲಿಲ್ವಂತೆ ಭಾವಂಗೆ.”

ಹೆಂಡತಿ ಸೌಟನ್ನು ಪಾತ್ರೆಯೊಳಗೆ ಮೆಲ್ಲಗೆ ಇಳಿಸಿದಳು. ಅವಳು ಕೂಗಿದ್ದರೆ ಕುಕ್ಕರ್‌ಗೆ ತಾನೂ ಕೂಗುವ ದಾರಿ ಇತ್ತು. ಅವಳು ಕೂಗಲಿಲ್ಲ.

“ನೀವು ಹಾಕಿಸ್ಕೊಂಡ್ರಾ?”

“ಇಲ್ಲ.”

“ಮತ್ತೆ ಅವನಿಗೆ?”

“ನೋಡೋಣ ಅಂತ...”

“ಏನು ನೋಡೋಣ ಅಂತ?”

“ಏನಾಗತ್ತೆ ಅಂತ.”

“ನನ್ನ ತಮ್ಮನಿಗೆ ಏನಾಗತ್ತೆ ಅಂತ ನೋಡಿದ್ರಿ.”

ಭಾವಮೈದ ಇಬ್ಬರ ಮುಖವನ್ನೂ ನೋಡಿದ. ಅವನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಅವನು ಕೇಳಿದ್ದು ಒಂದೇ ಮಾತು: “ಹಾಗಾದ್ರೆ ಸೂಜಿ ಪೋಣಿಸಿದ್ದು?”

ಕುಕ್ಕರ್ ತಟ್ಟೆ ನೋಡಿದ. “ನನ್ನ ಬೆರಳು ಉಳಿಯತ್ತಾ ಅಂತ ನೋಡೋಕೆ ಕಣೋ. ಭಯ ಆಗಿತ್ತು ನನಗೆ.” ಮದುವೆಯಾದ ಮೇಲೆ ಆ ಮನೆಯಲ್ಲಿ ಆ ಪದ ಅವನ ಬಾಯಿಂದ ಬಂದದ್ದು ಅದೇ ಮೊದಲು.

ಭಾವಮೈದ ಎದ್ದು ಕೈ ತೊಳೆದ. ಬಾಗಿಲಲ್ಲಿ ನಿಂತು, “ನಿಜ ಹೇಳಿದ್ರೂ ನಾನು ಹೋಗ್ತಿದ್ದೆ ಭಾವ,” ಎಂದು ಹಿತ್ತಲಿಗೆ ಹೋದ. ಅದಕ್ಕಿಂತ ಬೈದಿದ್ದರೆ ಚೆನ್ನಾಗಿತ್ತು.

ಮಾರನೇ ದಿನ ಹನ್ನೊಂದು ಗಂಟೆಗೆ ಕುಕ್ಕರ್ ಆಸ್ಪತ್ರೆಯ ಲಸಿಕೆ ಕೋಣೆಯಲ್ಲಿದ್ದ. ಅವನ ಮಗಳ ವಯಸ್ಸಿನ ನರ್ಸಮ್ಮ. ಇವನು ಎದೆ ಸೆಟೆಸಿ, “ಏನೂ ಆಗಲ್ಲ ತಾನೇ?” ಎಂದು ಜೋರು ಮಾಡಿದ.

“ಏನೂ ಆಗಲ್ಲ ಅಂತ ನಾನು ಹೇಳಲ್ಲ ಸರ್. ತೋಳು ಒಂದೆರಡು ದಿನ ನೋಯತ್ತೆ. ಜ್ವರ ಬರ್ಬಹುದು. ಎಲ್ಲೋ ಲಕ್ಷಾಂತರ ಜನರಲ್ಲಿ ಒಬ್ಬರಿಗೆ ಜೋರಾಗಿ ಅಲರ್ಜಿ ಆಗ್ಬಹುದು, ಆದ್ರೆ ಸಾಮಾನ್ಯವಾಗಿ ತಕ್ಷಣಾನೇ ಗೊತ್ತಾಗತ್ತೆ. ಅದಕ್ಕೇ ಹದಿನೈದು ನಿಮಿಷ ಆ ಬೆಂಚಿನ ಮೇಲೆ ಕೂರಿಸ್ತೀವಿ. ಅದಕ್ಕೆ ಕೊಡೋ ಔಷಧಿ ಈ ಡ್ರಾಯರ್‌ನಲ್ಲೇ ಇದೆ.” ಡ್ರಾಯರ್ ಎಳೆದು ತೋರಿಸಿದಳು.

ಕುಕ್ಕರ್‌ಗೆ ಸಮಾಧಾನವಾಯಿತು. ಮೂರು ವಾರದಲ್ಲಿ ‘ಏನೂ ಆಗಲ್ಲ’ ಎಂದವರಿದ್ದರು, ‘ಎಲ್ಲಾ ಒಣಗಿಹೋಗತ್ತೆ’ ಎಂದವನಿದ್ದ. ಏನು ಕೆಡಬಹುದು, ಕೆಟ್ಟರೆ ಯಾವ ಸಾಮಾನು ಎಲ್ಲಿದೆ ಎಂದು ಕಸುಬಿನವರ ಹಾಗೆ ಹೇಳಿದವಳು ಇವಳೊಬ್ಬಳೇ.

“ಒಂದು ವಿಷಯಮ್ಮಾ,” ಎಂದ, ದನಿ ಇಳಿಸಿ. “ನಾನು ಬಲಗೈ ಬೆರಳಲ್ಲಿ ಬದುಕೋನು. ಬಲಗೈಗೇ...”

“ಎಡಗೈಗೆ ಹಾಕ್ತೀನಿ ಬಿಡಿ,” ಎಂದಳು ನರ್ಸಮ್ಮ, ಹತ್ತಿ ಒದ್ದೆ ಮಾಡುತ್ತಾ.

ಎಡಗೈ. ದೇವರು ಅವನಿಗೆ ಎರಡು ಕೈ ಕೊಟ್ಟಿದ್ದ, ಮೂರು ವಾರದಲ್ಲಿ ಒಂದು ಸಲವೂ ಅವನಿಗೆ ಅದರ ನೆನಪಾಗಿರಲಿಲ್ಲ. ಕಟಿಂಗ್ ಮಾಸ್ಟರ್ ಎಡತೋಳು ತಟ್ಟಿ ತೋರಿಸಿದಾಗಲೂ ಹೊಳೆದಿರಲಿಲ್ಲ. ಸೂಜಿ ಒಳಗೆ ಹೋದದ್ದು, ಆಚೆ ಬಂದದ್ದು ಅವನಿಗೆ ಗೊತ್ತೇ ಆಗಲಿಲ್ಲ. ತನ್ನನ್ನು ತಾನು ಬೈದುಕೊಳ್ಳುವುದರಲ್ಲಿ ಅಷ್ಟು ಮುಳುಗಿದ್ದ. ಬೆಂಚಿನ ಮೇಲೆ ಹದಿನೈದು ನಿಮಿಷದ ಬದಲು ಇಪ್ಪತ್ತು ನಿಮಿಷ ಕೂತ. ಬೈಗುಳ ಇನ್ನೂ ಮುಗಿದಿರಲಿಲ್ಲ.

ಮಗು ಡಾಕ್ಟರು ಕೊಟ್ಟ ತಾರೀಖಿಗೆ ಕಾಯಲಿಲ್ಲ. ಕುಕ್ಕರ್ ಲಸಿಕೆ ಹಾಕಿಸಿಕೊಂಡ ಮೂರನೇ ದಿನವೇ ಹುಟ್ಟಿತು, ಹೆಣ್ಣು. ಐದನೇ ದಿನ ಮನೆಗೆ ಬಂತು. ಎಡತೋಳಿನ ನೋವು ಅಷ್ಟರಲ್ಲಿ ಹೋಗಿತ್ತು, ಹೊಟ್ಟೆಯುರಿ ಬಂದಿತ್ತು. ಏಕೆಂದರೆ ಮಗಳು ಬಾಗಿಲಿಗೆ ಒಂದು ಕುರ್ಚಿ ಅಡ್ಡ ಇಟ್ಟಿದ್ದಳು. ಕುರ್ಚಿಯ ಈಚೆ ಕುಕ್ಕರ್. ಆಚೆ, ಮಗುವನ್ನು ಮಡಿಲಲ್ಲಿಟ್ಟುಕೊಂಡು, ಲಸಿಕೆ ಹಾಕಿಸಿಕೊಂಡು ಮೂರು ವಾರ ದಾಟಿದ್ದ ಭಾವಮೈದ.

“ಭಾವ, ನೋಡಿ ನೋಡಿ, ಆಕಳಿಸ್ತಿದೆ!”

“ಕಾಣ್ತಿದೆ ಕಣೋ.”

“ಬೆರಳು ಹಿಡ್ಕೊಂಡುಬಿಡ್ತು ಭಾವ! ಎಷ್ಟು ಗಟ್ಟಿ ಹಿಡಿತ!”

“ಕಾಣ್ತಿದೆ ಅಂದ್ನಲ್ಲ!”

“ಅಪ್ಪ, ಕೂಗ್ಬೇಡ,” ಎಂದಳು ಮಗಳು. “ಇನ್ನು ಒಂಬತ್ತು ದಿನ.”

ಭಾವಮೈದನಿಗೆ ದ್ವೇಷ ಗೊತ್ತಿರಲಿಲ್ಲ. ಅವನು ನಿಜವಾದ ಸಂತೋಷದಿಂದಲೇ ಪ್ರತಿಯೊಂದನ್ನೂ ವರದಿ ಮಾಡುತ್ತಿದ್ದ. ಅದೇ ದೊಡ್ಡ ಶಿಕ್ಷೆ. ಕುಕ್ಕರ್ ಬೆಳಿಗ್ಗೆ ಸಂಜೆ ಮಹಡಿ ಹತ್ತಿ ಕುರ್ಚಿ ಹಿಂದೆ ನಿಲ್ಲುತ್ತಿದ್ದ, ವರದಿ ಕೇಳಿ ಇಳಿಯುತ್ತಿದ್ದ.

ಹದಿನಾಲ್ಕನೇ ದಿನ ಬಂತು. ಉಗುರು ಕತ್ತರಿಸಿ, ಹೊಸ ಸೋಪಿನಲ್ಲಿ ಕೈಯನ್ನು ನಾಲ್ಕು ಸಲ ಉಜ್ಜಿ, ಒಗೆದ ಅಂಗಿ ಹಾಕಿ, ಕಾಲು ಗಂಟೆ ಮುಂಚೆಯೇ ಮಹಡಿ ಮೆಟ್ಟಿಲ ಮೇಲೆ ಬಂದು ಕೂತ. ಚುಚ್ಚಿದ್ದು ಹನ್ನೊಂದಕ್ಕೆ, ಹನ್ನೊಂದಕ್ಕೆ ಎರಡು ವಾರ ತುಂಬುತ್ತದೆ. ಬಾಗಿಲು ತಟ್ಟಿದ.

“ಈಗ ತಾನೇ ಮಲಗಿದೆ ಅಪ್ಪ. ಎದ್ದ ಮೇಲೆ ಕರೀತೀನಿ.”

ಹನ್ನೊಂದೂಕಾಲು, ಹನ್ನೊಂದೂವರೆ. ಮಗು ಏಳಲಿಲ್ಲ. ಅದು ಯಾರ ಹಾಗೆ, ಇಷ್ಟು ನಿದ್ದೆ? ಕುಕ್ಕರ್ ಮೊದಲು ಕುರ್ಚಿಯನ್ನು ಸ್ವಲ್ಪ ಎಳೆದು ಸದ್ದು ಮಾಡಿದ. ಉಪಯೋಗವಾಗಲಿಲ್ಲ. ಆಮೇಲೆ ಮೆಲ್ಲಗೆ ಗಂಟಲು ಸರಿಮಾಡಿಕೊಂಡ. ಅದಕ್ಕೂ ಏಳಲಿಲ್ಲ. ಆಗ ಅವನು, ಐದು ವಾರದ ಅಷ್ಟೆಲ್ಲ ರಾಮಾಯಣದ ನಂತರ, ಬಾಗಿಲ ಸಂದಿಗೆ ಬಾಯಿಟ್ಟು ಜೋರಾಗಿ ಎರಡು ಸಲ ಕೆಮ್ಮಿದ.

ಮಗು ಎದ್ದಿತು. ಮಗಳೂ ಎದ್ದಳು. ಬಾಗಿಲು ನಾಲ್ಕು ಬೆರಳಿನಷ್ಟು ತೆರೆಯಿತು.

“ಯಾರು ಕೆಮ್ಮಿದ್ದು?”

“ಕೆಮ್ಮಲ್ಲ ಕಣೇ ಅದು! ಸುಮ್ನೆ... ಬೇಕಂತ ಮಾಡಿದ್ದು!”

“ಬೇಕಂತ ಯಾರಾದ್ರೂ ಕೆಮ್ತಾರಾ?”

“ನಾನು ಕೆಮ್ತೀನಿ! ಮಗು ಎಬ್ಬಿಸೋಕೆ ಕೆಮ್ಮಿದ್ದು!”

ಹೇಳಿದ ಮೇಲೆ ಗೊತ್ತಾಯಿತು, ನಿಜ ಹೇಳಿದ್ದು ಕೆಮ್ಮಿಗಿಂತ ಕೆಟ್ಟದಾಯಿತೆಂದು. ಒಳಗಿನಿಂದ ಹೆಂಡತಿಯ ದನಿ ಬಂತು, “ನಂಬಬೇಡ ಕಣೇ. ಹಾಕಿಸ್ಕೊಳ್ದೇನೇ ಹಾಕಿಸ್ಕೊಂಡೆ ಅಂದೋರು ಇವ್ರು.”

“ಎರಡು ದಿನ ನೋಡ್ತೀನಿ,” ಎಂದಳು ಮಗಳು. “ಕೆಮ್ಮು ಬರ್ಲಿಲ್ಲ ಅಂದ್ರೆ ಕೊಡ್ತೀನಿ.” ಬಾಗಿಲು ಮುಚ್ಚಿತು.

ಎರಡು ದಿನ ಕುಕ್ಕರ್ ಅಂಗಡಿಯಲ್ಲಿ ಯಾರ ಮೇಲೂ ಕೂಗಲಿಲ್ಲ. ಕೂಗಿದರೆ ಗಂಟಲು ಕೆರೆದು ನಿಜವಾದ ಕೆಮ್ಮೇ ಬಂದೀತೆಂಬ ದಿಗಿಲು. ತಣ್ಣನೆಯ ನೀರು ಮುಟ್ಟಲಿಲ್ಲ. ಬೀದಿ ಗುಡಿಸುವವರು ಬಂದರೆ ಎದ್ದು ಹಿಂದಿನ ಬೀದಿಗೆ ಹೋಗಿ ನಿಂತ. ಗಿರಾಕಿಯೊಬ್ಬ ಮಿಷನ್ನಿಗೆ ಕೊಬ್ಬರಿ ಎಣ್ಣೆ ಹಾಕಿ ತಂದಿದ್ದನ್ನೂ ಮೌನವಾಗಿ ಒರೆಸಿದ. “ಮೇಸ್ತ್ರಿ, ಹುಷಾರಿಲ್ವಾ?” ಎಂದು ಗುಂಡಿ ಅಂಗಡಿಯವನು ಬಂದು ಕೇಳಿದ. ಕುಕ್ಕರ್ ಬಾಗಿಲ ಕಡೆ ಬೆರಳು ತೋರಿಸಿದ, ಅಷ್ಟೇ.

ಮೂರನೇ ದಿನ ಬೆಳಿಗ್ಗೆ ಮಗಳು ಕುರ್ಚಿ ಸರಿಸಿದಳು. ಕುಕ್ಕರ್ ಗೋಡೆಗೆ ಒರಗಿ ನೆಲದ ಮೇಲೆ ಕೂತ. ನಿಂತು ಎತ್ತಿಕೊಳ್ಳಲು ಧೈರ್ಯ ಬರಲಿಲ್ಲ. ಭಾವಮೈದ ಮಗುವನ್ನು ತಂದು, ಬಾಗಿ, ಅವನ ಎರಡೂ ಅಂಗೈಗಳ ಮೇಲೆ ಇಟ್ಟ.

“ಕತ್ತು, ಭಾವ, ಕತ್ತು ಹಿಡ್ಕೊಳ್ಳಿ. ಹಾಂ, ಹಾಗೇ.”

ಬೆಚ್ಚಗಿತ್ತು. ಮಿಷನ್ನಿನ ಯಾವ ಭಾಗಕ್ಕೂ ಇಲ್ಲದಷ್ಟು ಮೆತ್ತಗಿತ್ತು. ಮಗು ಒಂದು ಕಣ್ಣು ತೆರೆದು ಅವನನ್ನು ನೋಡಿ, ವಿಶೇಷವೇನೂ ಕಾಣದೆ ಮತ್ತೆ ಮುಚ್ಚಿತು. ಕುಕ್ಕರ್ ಅಲ್ಲಾಡಲಿಲ್ಲ. ಅವನ ಮುಖ ಕೆಂಪಾಯಿತು, ಕಣ್ಣು ಹೊರಗೆ ಬಂದವು, ಕತ್ತಿನ ನರ ಉಬ್ಬಿತು.

ಮಗಳು ಅವನನ್ನೇ ನೋಡುತ್ತಿದ್ದಳು.

“ಅಪ್ಪ,” ಎಂದಳು, “ಉಸಿರು ಬಿಡು. ಅದಕ್ಕೇ ತಾನೇ ಸೂಜಿ ಹಾಕಿಸ್ಕೊಂಡಿದ್ದು.”